ಮೆಟ್ಟಿಲ ಮೇಲೆ ಹದಿಮೂರರ ಮಗ್ಗಿ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ ಎಂದು ನಿಮ್ಮನ್ನೇ ಕೇಳೋಣವೆಂದಿದ್ದೆ. ನೀವಿನ್ನೂ ಬಂದಿರಲಿಲ್ಲ. (ಓದುಗರು ಯಾವಾಗಲೂ ಹೀಗೆಯೇ. ಕಷ್ಟದ ಕೆಲಸವೆಲ್ಲ ಮುಗಿದ ಮೇಲೆ ಬಂದು ಕಾಲು ಚಾಚಿ ಕೂರುತ್ತಾರೆ.) ಹಾಗಾಗಿ ನಾನೇ ಧೈರ್ಯ ಮಾಡಿ ಬರೆದೆ:

"ಮೂವತ್ತು ಮಹಡಿಯ ಆ ಕಟ್ಟಡದ ಹದಿನೇಳನೆಯ ಮಹಡಿಯಲ್ಲಿ, ಮೆಟ್ಟಿಲೋಟದ ನಟ್ಟನಡುವೆ, ಅವಳ ರಕ್ತದಲ್ಲಿದ್ದ ಸಕ್ಕರೆ ಪಾತಾಳಕ್ಕಿಳಿಯಿತು. ಅವಳು ಕುಸಿದಳು."

ಆಹಾ! ಎರಡೇ ವಾಕ್ಯದಲ್ಲಿ ನಾಯಕಿಯನ್ನು ಬೀಳಿಸಿದ್ದೆ. ಓದುಗ ಬೆಚ್ಚಿ ಬೀಳಬೇಕು, ಮುಂದೇನು ಎಂದು ಉಗುರು ಕಚ್ಚಬೇಕು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು, ಟೀ ಕುಡಿದು, ಯಾವುದಕ್ಕೂ ಇರಲಿ ಎಂದು ಪರಿಚಯದ ಸಕ್ಕರೆ ಕಾಯಿಲೆಯ ಡಾಕ್ಟರಮ್ಮನಿಗೆ ಆ ಎರಡು ವಾಕ್ಯ ಕಳಿಸಿದೆ. ಹೊಗಳುತ್ತಾರೆ ಎಂಬ ಆಸೆ ಇತ್ತು. ಐದು ನಿಮಿಷದಲ್ಲಿ ಫೋನ್ ಬಂತು.

"ಏನ್ರೀ ಇದು?"

"ಕಥೆ ಮೇಡಂ."

"ಕಥೆ ಅಂತ ಗೊತ್ತಾಯ್ತು. ಸಕ್ಕರೆ ಯಾಕೆ ಕೆಳಗೆ ಹೋಗ್ತಿದೆ?"

"ಓಡ್ತಿದಾಳಲ್ಲ ಮೇಡಂ. ಓಡಿದ್ರೆ ಸಕ್ಕರೆ ಖರ್ಚಾಗುತ್ತೆ. ಮುಗೀತು, ಬಿದ್ಳು."

"ಎಷ್ಟು ಸಮಯದಿಂದ ತಯಾರಿ ಮಾಡಿದಾಳೆ ನಿಮ್ಮ ಹುಡುಗಿ?"

"ಎರಡು ವರ್ಷ. ದಿನಾ ಮೆಟ್ಟಿಲು."

"ಎಷ್ಟು ಹೊತ್ತಿನ ಓಟ?"

"ಹತ್ತು ನಿಮಿಷಕ್ಕೂ ಕಮ್ಮಿ. ಜೀವ ಬಾಯಿಗೆ ಬರೋ ಹಾಗೆ."

"ಹಾಗಾದ್ರೆ ನಿಮ್ಮ ಸಕ್ಕರೆ ತಪ್ಪು ದಿಕ್ಕಿಗೆ ಹೊರಟಿದೆ. ತಿರುಗಿಸಿ."

ನಾನು ಕಕ್ಕಾಬಿಕ್ಕಿಯಾದೆ. ಡಾಕ್ಟರಮ್ಮ ಸಮಾಧಾನದಿಂದ ವಿವರಿಸಿದರು. ಪಳಗದ ಕಾಲು ಜೋರಾಗಿ ಓಡಿದರೆ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಗೆ ಎಗ್ಗಿಲ್ಲದೆ ಕೈ ಹಾಕುತ್ತವೆ. ತಿಂಗಳುಗಟ್ಟಲೆ ಪಳಗಿದ ಕಾಲು ಹಾಗಲ್ಲ. ಅದೇ ಮೆಟ್ಟಿಲು, ಅದೇ ವೇಗ, ಆದರೆ ಅದು ಕೊಬ್ಬನ್ನೂ ಉರಿಸಲು ಕಲಿತಿರುತ್ತದೆ, ರಕ್ತದ ಸಕ್ಕರೆಯನ್ನು ಮೊದಲಿನಷ್ಟು ಕೇಳುವುದಿಲ್ಲ. ಸಾಲದ್ದಕ್ಕೆ, ಪ್ರಾಣ ಹೋಗುವ ಹಾಗೆ ಓಡಿದಾಗ ಲಿವರ್ ಗಾಬರಿಗೊಂಡು ತಾನು ಕೂಡಿಟ್ಟ ಸಕ್ಕರೆಯನ್ನು ಹೊರಗೆ ಸುರಿಯುತ್ತದೆ. ಸುರಿಯುವುದು ಜಾಸ್ತಿ, ಖರ್ಚು ಕಮ್ಮಿ. ಆದ್ದರಿಂದ ಸಕ್ಕರೆ ಏರುತ್ತದೆ.

"ಹಾಗಾದ್ರೆ ಅವಳು ಬೀಳೋದೇ ಇಲ್ವಾ ಮೇಡಂ?" ನನ್ನ ದನಿಯಲ್ಲಿ ಅಳು ಇತ್ತು.

"ಬೀಳಬಹುದು. ಇನ್ಸುಲಿನ್ ಲೆಕ್ಕ ತಪ್ಪಿದ್ರೆ ಯಾವಾಗ ಬೇಕಾದ್ರೂ. ಹೆಚ್ಚಾಗಿ ಓಟ ಎಲ್ಲ ಮುಗಿದು, ಮನೆಗೆ ಹೋಗಿ, ಗಂಟೆಗಳು ಕಳೆದ ಮೇಲೆ."

ಮನೆಗೆ ಹೋಗಿ ಗಂಟೆಗಳು ಕಳೆದ ಮೇಲೆ! ನನ್ನ ಕಥೆ ಅಷ್ಟೊತ್ತಿಗೆ ಅಚ್ಚಾಗಿ, ಓದಿಯಾಗಿ, ಮರೆತೂ ಹೋಗಿರುತ್ತದೆ. ನಾನು ತಲೆ ಚಚ್ಚಿಕೊಂಡೆ.

೧ (ಇನ್ನೊಮ್ಮೆ)

ಸರಿ, ಬೀಳುವವಳಿಲ್ಲ. ಇರುವವರು ಯಾರು ಎಂದಾದರೂ ಹೇಳುತ್ತೇನೆ.

ಒಬ್ಬಳು ಮಗಳು. ಲಿಫ್ಟ್ ರಿಪೇರಿ ಅವಳ ಕೆಲಸ. ಮೈಗೆ ಕೆಲಸದ ಉಡುಪು, ನೀಲಿ ಡಂಗ್ರಿ, ಸೊಂಟದಲ್ಲಿ ಸ್ಪ್ಯಾನರುಗಳ ಪಟ್ಟಿ. ಎಂಟನೆಯ ವಯಸ್ಸಿನಿಂದ ಅವಳಿಗೆ ಸಕ್ಕರೆ ಕಾಯಿಲೆ. ಮಕ್ಕಳಿಗೆ ಬರುವ ಜಾತಿಯದು. ಮೈ ತಾನಾಗಿ ಇನ್ಸುಲಿನ್ ತಯಾರಿಸುವುದಿಲ್ಲ, ಹೊರಗಿನಿಂದ ಚುಚ್ಚಿಕೊಳ್ಳಬೇಕು. ಚುಚ್ಚಿಕೊಂಡದ್ದು ಹೆಚ್ಚಾದರೆ ಸಕ್ಕರೆ ಇಳಿದು ಮಾತು ತೊದಲುತ್ತದೆ, ಇನ್ನೂ ಇಳಿದರೆ ಪ್ರಜ್ಞೆ ಹೋಗುತ್ತದೆ. ದಿನವಿಡೀ ಬೇರೆಯವರನ್ನು ಲಿಫ್ಟಿನಲ್ಲಿ ಹತ್ತಿಸುವ ಈ ಮಹಾತಾಯಿ ತಾನು ಮಾತ್ರ ಮೆಟ್ಟಿಲು ಹತ್ತುತ್ತಾಳೆ. ಕೇಳಿದರೆ, "ಲಿಫ್ಟ್ ಒಳಗೆ ನಿಂತ್ರೆ ನಂಗೆ ಡ್ಯೂಟಿ ನೆನಪಾಗುತ್ತೆ ಸಾರ್" ಎನ್ನುತ್ತಾಳೆ.

ಇನ್ನೊಬ್ಬಳು ಅಮ್ಮ. ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಕತ್ತಿನಲ್ಲಿ ಟೇಪು, ಬಾಯಲ್ಲಿ ಗುಂಡುಸೂಜಿ, ಬೈಯುವಾಗ ಮಾತ್ರ ಸೂಜಿಯನ್ನು ಹೊರಗೆ ತೆಗೆಯುತ್ತಾಳೆ. ಅವಳು ಹೊಲಿದ ಯಾವ ಬಟ್ಟೆಯನ್ನೇ ನೋಡಿ, ಕೇಳದಿದ್ದರೂ ಒಂದು ಒಳಜೇಬು ಇರುತ್ತದೆ. ಮಗಳ ಬಟ್ಟೆಗೆ ಎರಡು. ಅದರಲ್ಲಿ ಗ್ಲೂಕೋಸ್ ಮಾತ್ರೆ. ಸಕ್ಕರೆ ಇಳಿದರೆ ಬಾಯಿಗೆ ಹಾಕಿಕೊಳ್ಳಲು. ಗಂಡ ಎಂಬುವನೊಬ್ಬ ಇದ್ದ, ಬಹಳ ಹಿಂದೆಯೇ ಈ ಕಥೆಯಿಂದ ಎದ್ದು ಹೋದ. (ನಾನು ಕಳಿಸಿದ್ದಲ್ಲ. ಅಮ್ಮ ಕಳಿಸಿದ್ದು.)

ಆ ಮನೆಯಲ್ಲಿ ಒಂದು ಪದ್ಧತಿ ಇದೆ. ಮಗಳ ಮುಖ ಕೊಂಚ ಬಾಡಿದಂತೆ ಕಂಡರೆ ಅಮ್ಮ ಹದಿಮೂರರ ಮಗ್ಗಿ ಕೇಳುತ್ತಾಳೆ. ಊಟದ ಮಧ್ಯೆ, ಬಸ್ಸಿನಲ್ಲಿ, ಬಚ್ಚಲ ಬಾಗಿಲು ಬಡಿದು, ಒಮ್ಮೆ ಮಗಳು ಲಿಫ್ಟಿನ ನೆತ್ತಿಯ ಮೇಲೆ ಕೂತು ತಂತಿ ಬಿಗಿಯುತ್ತಿದ್ದಾಗ ಫೋನಿನಲ್ಲಿ. "ಹದಿಮೂರಾರ್ಲ?" "ಎಪ್ಪತ್ತೆಂಟು." "ಹದಿಮೂರೆಂಟ್ಲ?" "ನೂರಾನಾಲ್ಕು, ಅಮ್ಮಾ, ಫೋನ್ ಇಡು, ಗ್ರೀಸ್ ಕೈ!" ಉತ್ತರ ತಟ್ಟನೆ ಬಂದರೆ ಸರಿ. ತೊದಲಿದರೆ ಮಾತ್ರೆ.

ಮಗಳ ತೋಳಿನ ಮೇಲೆ ಕೋಟಿನ ಗುಂಡಿಯಷ್ಟು ದೊಡ್ಡ ಸೆನ್ಸರ್ ಅಂಟಿಸಿದೆ. ಅದು ಸಕ್ಕರೆಯ ಮಟ್ಟವನ್ನು ಇಬ್ಬರ ಫೋನಿಗೂ ಕಳಿಸುತ್ತದೆ. ಅಮ್ಮನಿಗೆ ಅದರ ಮೇಲೆ ನಂಬಿಕೆಯಿಲ್ಲ.

"ಆ ಗುಂಡಿ ಹೇಳೋದು ಹಳೇ ಸುದ್ದಿ. ಸಕ್ಕರೆ ಇಳಿದು ಎಷ್ಟೋ ಹೊತ್ತಾದ ಮೇಲೆ ಕುಂಯ್ ಅನ್ನುತ್ತೆ. ಮಗ್ಗಿ ಹಾಗಲ್ಲ, ಆಗಿಂದಾಗಲೇ ಹೇಳುತ್ತೆ."

(ಕೊಂಚ ಹಿಂದುಳಿಯುವುದು ನಿಜ ಎಂದು ಡಾಕ್ಟರಮ್ಮನೂ ಒಪ್ಪಿದರು. ಅಮ್ಮ ಆ ದಿನವೆಲ್ಲ ಬೀಗಿದಳು.)

೨

ಹೀಗೆ ಬರೆಯುತ್ತ ಕೂತಿದ್ದಾಗ ನನ್ನ ಕೋಣೆಯ ಬಾಗಿಲು ದಡಾರನೆ ತೆರೆಯಿತು. ಕತ್ತಿನಲ್ಲಿ ಟೇಪು. ಕೈಯಲ್ಲಿ ನಾನು ಹರಿದೆಸೆದಿದ್ದ ಮೊದಲ ಕರಡು.

"ಯಾರಪ್ಪಾ ಇದನ್ನ ಬರೆದಿದ್ದು?"

"ನಾನೇ ಅಮ್ಮಾ. ಅದು ಹೊಡೆದುಹಾಕಿದ್ದು. ನೀವು ಓದಬಾರದಿತ್ತು."

"ಅವಳು ಕುಸಿದಳು ಅಂತ ಬರೆದಿದೀಯ. ಕುಸಿದಳು! ಆಮೇಲೆ ಚುಕ್ಕಿ ಇಟ್ಟು ಟೀ ಕುಡಿದಿದೀಯ!"

"ಕಥೆಗೆ ಬೇಕಿತ್ತು..."

"ನಿನ್ನ ಕಥೆಗೆ ಬೇಕಾದ್ರೆ ನೀನು ಬೀಳು!"

ಇವಳು ನಾನು ಸೃಷ್ಟಿಸಿದ ಪಾತ್ರ ಎಂಬುದನ್ನು ದಯವಿಟ್ಟು ಗಮನಿಸಿ. ಇವಳ ಟೇಪು ನನ್ನದು, ಗುಂಡುಸೂಜಿ ನನ್ನದು, ಬೈಗುಳ ಕೂಡ ನಾನೇ ಒದಗಿಸಿದ್ದು. ಆದರೂ ನಾನು ಕುರ್ಚಿ ಬಿಟ್ಟುಕೊಟ್ಟೆ. ಅವಳು ಕೂತಳು. ನನ್ನ ಅಂಗಿಯನ್ನು ಮೇಲಿಂದ ಕೆಳಗೆ ನೋಡಿ, "ಒಳಜೇಬೇ ಇಲ್ಲ. ಹೇಗೆ ಬದುಕ್ತೀಯೋ" ಎಂದಳು. ಆಮೇಲೆ ಸ್ವಲ್ಪ ತಣ್ಣಗಾದಳು.

"ಮಗ್ಗಿ ವಿಷಯ ಬರೆದಿದೀಯಲ್ಲ, ಓದುವವರು ನಗ್ತಾರೆ. ನಗಲಿ. ಆದ್ರೆ ಅದು ಎಲ್ಲಿಂದ ಬಂತು ಅಂತ ಬರೀಲಿಲ್ಲ ನೀನು."

"ನನಗೆ ಗೊತ್ತಿಲ್ಲ. ನಾನಿನ್ನೂ ಯೋಚಿಸಿಲ್ಲ."

"ನಾನು ಹೇಳ್ತೀನಿ, ಬರ್ಕೋ."

ಬರೆದುಕೊಂಡೆ. ಮಗಳಿಗೆ ಕಾಯಿಲೆ ಗೊತ್ತಾದ ಹೊಸತು. ಶಾಲೆಯ ಮನೆಪಾಠ. ಅಮ್ಮ ಯಂತ್ರ ತುಳಿಯುತ್ತ ಮಗ್ಗಿ ಕೇಳುತ್ತಿದ್ದಳು, ಮಗಳು ಪಟಪಟ ಒಪ್ಪಿಸುತ್ತಿದ್ದಳು. ಹದಿಮೂರೇಳ್ಲ ಎಷ್ಟು ಎಂದಾಗ ಹುಡುಗಿ ಗಂಭೀರವಾಗಿ, "ಕತ್ತರಿ" ಎಂದಿತು.

"ನಾನು ನಕ್ಕುಬಿಟ್ಟೆ ಕಣಪ್ಪಾ. ಹೊಟ್ಟೆ ಹಿಡ್ಕೊಂಡು ನಕ್ಕೆ. ಇನ್ನೊಂದ್ಸಲ ಹೇಳು ಪುಟ್ಟಿ ಅಂದೆ. ಕತ್ತರಿ ಅಂತು. ಮತ್ತೆ ನಕ್ಕೆ. ನಾನು ನಗ್ತಾ ಇದ್ದ ಹಾಗೇ ಮಗು ಕುರ್ಚಿಯಿಂದ ಜಾರಿ ಕೆಳಗೆ ಬಿತ್ತು. ಆಸ್ಪತ್ರೆಗೆ ಹೊತ್ಕೊಂಡು ಓಡಿದೆ. ಅವತ್ತಿಂದ ಅವಳ ತಪ್ಪು ಉತ್ತರಕ್ಕೆ ನಾನು ನಕ್ಕಿಲ್ಲ. ಒಂದು ಸಲವೂ ನಕ್ಕಿಲ್ಲ."

ಇಷ್ಟು ತಮಾಷೆಯಾಗಿ ಸಾಗುತ್ತಿದ್ದ ಕಥೆಗೆ ಹೀಗೆ ತಣ್ಣೀರೆರಚಿದಳಲ್ಲ ಎಂದು ಸಿಟ್ಟು ಬಂತು, ಆದರೂ ಒಂದಕ್ಷರ ಬಿಡದೆ ಬರೆದುಕೊಂಡೆ.

೩

ಮೂರನೆಯ ಭಾಗದಲ್ಲಿ ಮಗಳಿಗೂ ಓಟ ನಡೆಸುವ ಸಂಘದ ವಿಸಲ್ ಎಂಬ ಅಡ್ಡಹೆಸರಿನ ತರುಣನಿಗೂ ಒಂದು ಪ್ರೇಮಪ್ರಸಂಗ ಇಟ್ಟಿದ್ದೆ. ಎಂಟನೆಯ ಮಹಡಿಯಲ್ಲಿ ಕಣ್ಣು ಕಣ್ಣು ಕಲೆಯುವುದು ಇತ್ಯಾದಿ. ಮಗಳು ಓದಿ, "ಸಾರ್, ಎಂಟನೇ ಮಹಡೀಲಿ ನಂಗೆ ಕಣ್ಣೇ ಕಾಣಲ್ಲ, ಬೆವರು" ಎಂದಳು. ಪ್ರೇಮ ಅಲ್ಲಿಗೇ ಮುಗಿಯಿತು.

೪

ಕಳೆದ ವರ್ಷ ನಡೆದದ್ದನ್ನು ಹೇಳದಿದ್ದರೆ ಈ ವರ್ಷದ ಜಗಳ ನಿಮಗೆ ಅರ್ಥವಾಗುವುದಿಲ್ಲ.

ಕಳೆದ ವರ್ಷವೂ ಇದೇ ಕಟ್ಟಡ, ಇದೇ ಮೆಟ್ಟಿಲೋಟ. ಕೆಳಗಿನಿಂದ ಹೊರಟು ತಾರಸಿ ಮುಟ್ಟಬೇಕು. ನಿಯಮ ಒಂದೇ: ಮೆಟ್ಟಿಲ ಮೇಲೆ ಯಾರಿಂದಲೂ ಏನನ್ನೂ ತೆಗೆದುಕೊಳ್ಳುವ ಹಾಗಿಲ್ಲ, ತೆಗೆದುಕೊಂಡರೆ ಆಟದಿಂದ ಔಟ್. ಮಗಳು ಮೆಟ್ಟಿಲಲ್ಲಿ ಓಡುತ್ತಿದ್ದರೆ ಅಮ್ಮ ಪಕ್ಕದ ಲಿಫ್ಟಿನಲ್ಲಿ ಹಾಯಾಗಿ ಏರುತ್ತಿದ್ದಳು. ಮಹಡಿ ಮಹಡಿಗೂ ಇಳಿದು, ಮೆಟ್ಟಿಲ ಬಾಗಿಲಿಂದ ತಲೆ ಹಾಕಿ, "ಹದಿಮೂರ್ನಾಕ್ಲ?"

"ಐವತ್ತೆರಡು!" ಎನ್ನುತ್ತ ಮಗಳು ಹಾರಿ ಹೋಗುತ್ತಿದ್ದಳು.

ಮತ್ತೆ ಲಿಫ್ಟು. ಟಿಣ್. ಬಾಗಿಲು. ತಲೆ. "ಹದಿಮೂರೈದ್ಲ?"

"ಅರವ... ತ್ತೈದು!"

ಉಳಿದ ಓಟಗಾರರೂ ಮಗ್ಗಿ ಕಲಿತುಬಿಟ್ಟರು. ಒಬ್ಬ ದಪ್ಪ ಮೀಸೆಯವನು ಆರನೆಯ ಮಹಡಿಯಲ್ಲಿ ತಾನಾಗಿಯೇ ಎಪ್ಪತ್ತೆಂಟು ಎಂದು ಕೂಗಿ ಹೋದ.

ಹನ್ನೆರಡನೆಯ ಮಹಡಿಯಲ್ಲಿ ಅಮ್ಮ ಹದಿಮೂರೇಳ್ಲ ಎಂದಳು. ಮಗಳು ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಕೈ ಆಡಿಸಿದಳು, ಕಣ್ಣರಳಿಸಿದಳು. ಎರಡನೆಯ ಸಲ ಕೇಳಲಿಲ್ಲ ಅಮ್ಮ. ಅಡ್ಡ ಹಾರಿ, ಮಗಳ ಕತ್ತು ಬಳಸಿ ಹಿಡಿದು, ಮೂರು ಮಾತ್ರೆ ಬಾಯೊಳಗೆ ತುರುಕಿ, ದವಡೆ ಒತ್ತಿ ಮುಚ್ಚಿದಳು. ವಿಸಲ್ ವಿಸಲ್ ಊದಿದ. ಮಗಳು ಔಟ್.

ಓಟಗಾರರನ್ನು ನೋಡಿಕೊಳ್ಳಲೆಂದು ತಾರಸಿಯ ಮೇಲಿದ್ದ ಡಾಕ್ಟರಮ್ಮ (ಫೋನಿನವರೇ, ಕಥೆಯೊಳಗೂ ಎಳೆದುಕೊಂಡಿದ್ದೇನೆ) ಇಳಿದು ಬಂದು ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಇಳಿದೇ ಇರಲಿಲ್ಲ. ತೋಳಿನ ಗುಂಡಿಯ ಲೆಕ್ಕದಲ್ಲೂ ಅದು ಮಾತ್ರೆಗೆ ಮೊದಲೇ ಏರಿ ಕೂತಿತ್ತು. ಹುಡುಗಿಗೆ ಆಗಿದ್ದದ್ದು ಒಂದೇ, ಏದುಸಿರು.

ಆಮೇಲೆ ಅಮ್ಮ ಮಗಳು ಒಂದು ತಿಂಗಳು ಮಾತು ಬಿಟ್ಟರು. ಒಂದೇ ಮನೆ, ಒಂದೇ ಅಡುಗೆ, ಏನು ಮಾಡುವುದು? ಹೊಲಿಗೆ ಯಂತ್ರದ ಮೂಲಕ ಮಾತಾಡಿದರು. "ಊಟಕ್ಕೆ ಬಾ ಅಂತ ಹೇಳು ಅವಳಿಗೆ" ಎಂದು ಅಮ್ಮ ಯಂತ್ರಕ್ಕೆ ಹೇಳುತ್ತಿದ್ದಳು. "ಹಸಿವಿಲ್ಲ ಅಂತ ಹೇಳು" ಎಂದು ಮಗಳೂ ಯಂತ್ರಕ್ಕೆ. ಯಂತ್ರ ಪಾಪ, ಇಬ್ಬರ ಮಾತನ್ನೂ ಮನಸ್ಸಿನಲ್ಲೇ ಇಟ್ಟುಕೊಂಡಿತು.

೫

ಈ ವರ್ಷದ ಓಟಕ್ಕೆ ವಾರವಿರುವಾಗ ಮಗಳು ನನ್ನ ಬಳಿ ಬಂದಳು. ಡಂಗ್ರಿಯಲ್ಲೇ.

"ಸಾರ್, ನಂಗೆ ಗೆಲ್ಲೋದು ಬೇಡ. ಒಂದೇ ಒಂದು ಸಲ ಅಮ್ಮನ ಸಕ್ಕರೆ ಇಲ್ಲದೆ ಮೇಲೆ ಮುಟ್ಟಬೇಕು. ಮೂವತ್ತು ವರ್ಷ ಆಗ್ತಾ ಬಂತು ನಂಗೆ. ಇನ್ನೂ ಮಗ್ಗಿ ಒಪ್ಪಿಸ್ತಿದೀನಿ."

"ಅಷ್ಟೇ ತಾನೆ? ಬಿಡು, ಅಮ್ಮ ಹತ್ತಿದ ಲಿಫ್ಟು ಮೂರನೇ ಮಹಡೀಲಿ ಕೆಟ್ಟು ನಿಂತಿತು ಅಂತ ಬರೆದುಬಿಡ್ತೀನಿ. ನೀನು ಆರಾಮಾಗಿ ಮೇಲೆ ಹೋಗು."

ಅವಳ ಮುಖ ಕೆಂಪಾಯಿತು. "ಯಾರು ನೋಡ್ಕೊಳ್ಳೋ ಲಿಫ್ಟು ಸಾರ್ ಅದು?"

"ನೀನು."

"ನಾನು ನೋಡ್ಕೊಳ್ಳೋ ಲಿಫ್ಟು ಕೆಟ್ಟು ನಿಲ್ಲುತ್ತಾ? ಹಗ್ಗ, ಬ್ರೇಕು, ಬಾಗಿಲು, ಎಲ್ಲ ನನ್ನ ಕೈಯಾರೆ ನೋಡಿರೋದು. ಹಾಗೆ ಬರೆದ್ರೆ ನಾನು ನಿಮ್ಮ ಕಥೇಲೇ ಇರಲ್ಲ. ಈಗಲೇ ಹೊರಟೆ."

"ಅಯ್ಯೋ ಕೂತ್ಕೊಳ್ಳೇ ತಾಯಿ! ಹಾಗಾದ್ರೆ ನೀನೇ ಕೀ ತಿರುಗಿಸಿ ನಿಲ್ಲಿಸಿಬಿಡು."

"ಒಳಗೆ ಜನ ಇರುವಾಗ ಕೀ ಮುಟ್ಟಬಾರದು ಸಾರ್. ಅದರಲ್ಲೂ ಅಮ್ಮ ಇರುವಾಗ."

ಕೊನೆಗೆ ಅವಳೇ ದಾರಿ ಹುಡುಕಿದಳು. ಲಿಫ್ಟುಗಳಿಗೆ ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿ ನೋಡುವ ಕೆಲಸ ಇರುತ್ತದೆ. ಅದನ್ನು ಓಟದ ದಿನಕ್ಕೇ ಹಾಕಿಸಿದಳು. ಭಾನುವಾರವಾದ್ದರಿಂದ ಕಚೇರಿಗಳೆಲ್ಲ ಖಾಲಿ, ಯಾರ ತಕರಾರೂ ಇಲ್ಲ. ಸುಳ್ಳಿಲ್ಲ, ಮೋಸವಿಲ್ಲ. ಬಾಗಿಲಿಗೆ "ದುರಸ್ತಿಯಲ್ಲಿದೆ, ಮೆಟ್ಟಿಲು ಬಳಸಿ" ಎಂಬ ಬೋರ್ಡು. ಬೋರ್ಡು ತೂಗುಹಾಕುವಾಗ ಅವಳು ಸಿಳ್ಳೆ ಹಾಕುತ್ತಿದ್ದಳು. ನಾನು ಕೂಡ ಹಾಕಿದೆ.

(ಹಾಕಬಾರದಿತ್ತು.)

೭

ಆರನೆಯ ಭಾಗದಲ್ಲಿ ಡಾಕ್ಟರಮ್ಮ ಅಮ್ಮನಿಗೆ ಪಳಗಿದ ಸ್ನಾಯು, ಸಕ್ಕರೆ, ಲಿವರ್ ಎಂದು ಚಿತ್ರ ಬರೆದು ವಿವರಿಸುವುದಿತ್ತು. ನಿಮಗೆ ಮೊದಲೇ ಹೇಳಿರುವುದರಿಂದ ಅದನ್ನು ಹಾರಿಸಿದ್ದೇನೆ. ಅಮ್ಮನ ಉತ್ತರವೊಂದನ್ನು ಮಾತ್ರ ಉಳಿಸಿಕೊಳ್ಳುತ್ತೇನೆ:

"ಅರ್ಥ ಆಯ್ತು ಡಾಕ್ಟ್ರೇ. ಹೊಸಬನ ಕೈಗೆ ಕತ್ತರಿ ಕೊಟ್ರೆ ಒಂದು ಅಂಗಿಗೆ ಅರ್ಧ ಥಾನು ಬಟ್ಟೆ ಹಾಳು ಮಾಡ್ತಾನೆ. ಕೈ ಪಳಗಿದ ಮೇಲೆ ಅದೇ ಅಂಗಿ ಕಮ್ಮಿ ಬಟ್ಟೇಲಿ ಆಗುತ್ತೆ. ನನ್ನ ಮಗಳ ಕಾಲು ಪಳಗಿದೆ. ಸರಿ ತಾನೆ?"

"ಎಷ್ಟು ಚೆನ್ನಾಗಿ ಹೇಳಿದ್ರಿ ಅಮ್ಮಾ! ಹಾಗಾದ್ರೆ ಈ ಸಲ ಮನೇಲೇ ಇರ್ತೀರಿ ತಾನೆ?"

"ಇಲ್ಲ, ಬರ್ತೀನಿ."

ತಲೆಗೆ ಅರ್ಥವಾದದ್ದು ಹೊಟ್ಟೆಗೆ ಅರ್ಥವಾಗಬೇಕಲ್ಲ.

ಓಟದ ದಿನ ಬೆಳಿಗ್ಗೆ ಕಟ್ಟಡದ ಕೆಳಗೆ ಜನವೋ ಜನ. ನಂಬರು ಕಟ್ಟಿಕೊಂಡವರು ಕಾಲು ಕುಣಿಸುತ್ತಿದ್ದಾರೆ, ವಿಸಲ್ ಊದುತ್ತಿದ್ದಾನೆ, ದಪ್ಪ ಮೀಸೆಯವನು ಮಗ್ಗಿ ಗುನುಗುತ್ತಿದ್ದಾನೆ. ಅಮ್ಮ ಲಿಫ್ಟಿನ ಮುಂದೆ ಬಂದು ಬೋರ್ಡು ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನಿಂದೇನಾ ಇದು?"

"ನಿಮ್ಮ ಮಗಳದ್ದು." (ಲೇಖಕರಲ್ಲಿ ನನ್ನಂಥ ಹೇಡಿ ಇನ್ನೊಬ್ಬನಿಲ್ಲ.)

ಅವಳು ಕೂಗಾಡಲಿಲ್ಲ. ಅದೇ ಭಯ ಹುಟ್ಟಿಸಿತು. ಒಳಜೇಬು ಮುಟ್ಟಿ ನೋಡಿಕೊಂಡಳು. "ನೀನು ಅವಳನ್ನ ಬೀಳಿಸಿದ್ದು ಹದಿನೇಳನೇ ಮಹಡೀಲಿ, ಅಲ್ವಾ?"

"ಅಮ್ಮಾ, ಅದು ಹರಿದ ಕರಡು. ಅದು ಈಗ ಇಲ್ಲ."

"ಬರೆದಿದ್ದೆ ತಾನೆ? ಸಾಕು. ನಡಿ."

ಕಟ್ಟಡಕ್ಕೆ ಎರಡು ಕಡೆ ಮೆಟ್ಟಿಲು. ಒಂದು ಕಡೆ ಓಟ. ಇನ್ನೊಂದು ಕಡೆ, ಓಟ ಶುರುವಾಗಲು ಇನ್ನೂ ಅರ್ಧ ಗಂಟೆ ಇರುವಾಗಲೇ, ಒಬ್ಬಳು ಟೈಲರಮ್ಮ ಮತ್ತು ಅವಳ ಹಿಂದೆ ಒಬ್ಬ ಲೇಖಕ. ನಾನು ಯಾಕೆ ಹೋದೆ ಎಂದು ಕೇಳಬೇಡಿ. ಲೇಖಕನಾದವನು ಪಾತ್ರದ ಜೊತೆ ನಡೆಯಬೇಕು ಎಂದು ಹಿಂದೆ ಭಾಷಣ ಬಿಗಿದಿದ್ದೆ, ಅದರ ಫಲ.

ನಾಲ್ಕನೆಯ ಮಹಡಿಯವರೆಗೆ ನಾವು ಮಾತಾಡಿಕೊಂಡು ಹತ್ತಿದೆವು. ಏಳರಲ್ಲಿ ಮಾತು ನಿಂತಿತು. ಹತ್ತರಲ್ಲಿ ನನ್ನ ಮಂಡಿ ನನ್ನದಲ್ಲ ಎನಿಸಿತು. ಅಮ್ಮ ಕೈಕಂಬಿ ಹಿಡಿದು ನಿಲ್ಲುವಳು, ಹತ್ತುವಳು, ನಿಲ್ಲುವಳು. ಕೂತು ಯಂತ್ರ ತುಳಿದೇ ಜೀವನ ಕಳೆದ ಕಾಲು. ಹದಿಮೂರರಲ್ಲಿ, "ಸಾಕಮ್ಮಾ, ಅವಳಿಗೇನೂ ಆಗಲ್ಲ" ಎಂದೆ. ಅವಳು ಮುಖವನ್ನೂ ತಿರುಗಿಸಲಿಲ್ಲ. ಅಷ್ಟರಲ್ಲಿ ಕೆಳಗೆ ವಿಸಲ್ ಕೇಳಿತು. ಓಟ ಶುರುವಾಗಿತ್ತು. ಅಮ್ಮ ಕೈಕಂಬಿ ಬಿಟ್ಟು ಓಡತೊಡಗಿದಳು. ದೇವರಾಣೆ, ಓಡಿದಳು.

ಹದಿನೇಳು ಮುಟ್ಟಿ, ಖಾಲಿ ಕಚೇರಿಗಳ ಉದ್ದನೆಯ ಓಣಿ ದಾಟಿ, ಆ ಕಡೆಯ ಮೆಟ್ಟಿಲ ಬಾಗಿಲು ತಳ್ಳಿದೆವು. ಅಮ್ಮ ಗೋಡೆಗೊರಗಿ ನಿಂತಳು. ನಾನು ನೆಲಕ್ಕೊರಗಿದೆ. ಕೆಳಗಿನಿಂದ ಹೆಜ್ಜೆಗಳ ಸದ್ದು ಸುತ್ತಿ ಸುತ್ತಿ ಮೇಲೇರುತ್ತಿತ್ತು. ಮುಂದಿನ ಇಬ್ಬರು ಹಾದು ಹೋದರು. ಆಮೇಲೆ ತಿರುವಿನಲ್ಲಿ ಮಗಳು ಕಾಣಿಸಿದಳು.

ಮುಖ ಕೆಂಪು, ಕೂದಲು ಹಣೆಗೆ ಅಂಟಿದೆ, ಬಾಯಿ ಅಗಲ ತೆರೆದಿದೆ. ಎರಡೆರಡು ಮೆಟ್ಟಿಲು ನುಂಗುತ್ತ ಬರುತ್ತಿದ್ದಾಳೆ. ಅಮ್ಮ ಗೋಡೆಯಿಂದ ಬೆನ್ನು ಕಿತ್ತು ನೆಟ್ಟಗಾದಳು. ಕೈ ಒಳಜೇಬಿಗೆ ಹೋಯಿತು. ಮಗ್ಗಿ ಕೇಳಲು ಬಾಯಿ ತೆರೆದಳು.

"ಹ್..." ಎಂದಳು. "ಹ್... ಹ್..."

ಅಷ್ಟೇ. ಉಸಿರೇ ಇಲ್ಲ.

ಮಗಳ ಕಾಲು ಗಕ್ಕನೆ ನಿಂತಿತು. ಅಮ್ಮ ಬೆವರಿನಲ್ಲಿ ತೊಯ್ದು, ಬಿಳಿಚಿಕೊಂಡು, ಬಾಯಿ ತೆರೆದು ನಿಂತಿದ್ದಾಳೆ, ಮಾತು ಬರುತ್ತಿಲ್ಲ. ನಾನು ನೋಡುತ್ತಿದ್ದಂತೆಯೇ ಮಗಳ ಮುಖದಲ್ಲಿ ಒಂದು ಹೆದರಿಕೆ ಹುಟ್ಟಿತು. ಅದು ನನಗೆ ಗೊತ್ತಿದ್ದ ಹೆದರಿಕೆಯೇ, ಇಷ್ಟು ಹೊತ್ತೂ ಅಮ್ಮನ ಮುಖದಲ್ಲಿದ್ದದ್ದು.

"ಅಮ್ಮಾ? ಅಮ್ಮಾ! ಹದಿ... ಮೂ... ರೇಳ್ಲ?"

ಕೇಳಿದವಳು ಮಗಳು! ಹೀಗೆ ಬರೆಯಬೇಕೆಂದು ನಾನು ಅಂದುಕೊಂಡೇ ಇರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ನಾನು ನೆಲದ ಮೇಲೆ ಬಿದ್ದುಕೊಂಡಿದ್ದೆ.

ಅಮ್ಮನಿಗೆ ಉತ್ತರ ಗೊತ್ತಿತ್ತು. ತನ್ನ ಹೆಸರಿಗಿಂತ ಚೆನ್ನಾಗಿ ಗೊತ್ತಿತ್ತು. ತೊಂಬತ್ತೊಂದು ಅವಳ ಗಂಟಲಿನವರೆಗೆ ಬಂದು ಅಲ್ಲೇ ನಿಂತಿತು, ಹೊರಗೆ ತಳ್ಳಲು ಗಾಳಿಯಿರಲಿಲ್ಲ. ಅವಳು ಕೈ ಆಡಿಸಿದಳು, ತಲೆ ಆಡಿಸಿದಳು, ಕಣ್ಣರಳಿಸಿದಳು. ನನಗೆ ಗೊತ್ತು ಕಣೇ, ಗೊತ್ತು, ಹೇಳೋಕಾಗ್ತಿಲ್ಲ ಅಷ್ಟೇ ಎಂದು ಇಡೀ ಮೈಯಲ್ಲಿ ಹೇಳಲು ಒದ್ದಾಡಿದಳು. ಒದ್ದಾಡುತ್ತಿದ್ದಂತೆಯೇ ಥಟ್ಟನೆ ನಿಂತುಬಿಟ್ಟಳು. ಕಳೆದ ವರ್ಷ ಹನ್ನೆರಡನೆಯ ಮಹಡಿಯಲ್ಲಿ ಮಗಳೂ ಹೀಗೆಯೇ ಕೈ ಆಡಿಸಿದ್ದಳು. ಹೀಗೆಯೇ ಕಣ್ಣರಳಿಸಿದ್ದಳು.

ಹೊಟ್ಟೆಗೆ ಅರ್ಥವಾದದ್ದು ಆಗ.

ಒಂದು ದೊಡ್ಡ ಉಸಿರು ಎಳೆದುಕೊಂಡಳು. ಆ ಒಂದೇ ಉಸಿರಿನಲ್ಲಿ, ಗಂಭೀರವಾಗಿ, "ಕತ್ತರಿ" ಎಂದಳು.

ಮಗಳು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಅಮ್ಮನ ತುಟಿ ಅದುರಿತು. ಆಮೇಲೆ ಇಬ್ಬರೂ ನಕ್ಕರು ನೋಡಿ! ಉಸಿರಿಲ್ಲದವರು ನಗುವ ನಗು, ಸೀಟಿ ಒಡೆದ ಕುಕ್ಕರಿನ ಹಾಗೆ, ಸದ್ದು ಎಲ್ಲೆಲ್ಲಿಂದಲೋ ಬರುತ್ತಿತ್ತು. ಅಮ್ಮ ಹೊಟ್ಟೆ ಹಿಡಿದುಕೊಂಡಳು. ಹಿಂದೆ ಬಂದ ದಪ್ಪ ಮೀಸೆಯವನು, "ತೊಂಬತ್ತೊಂದು ಕಣಮ್ಮಾ!" ಎಂದು ತಿದ್ದಿ ಮುಂದೆ ಓಡಿದ.

"ಹೋಗೇ!" ಅಮ್ಮನ ದನಿ ಮರಳಿ ಬಂದಿತ್ತು. "ನಿಂತಿದೀಯಲ್ಲೇ ಕತ್ತೆ, ಹೋಗು! ಮೀಸೆಯವನು ಮುಂದೆ ಹೋದ!"

"ಮಾತ್ರೆ ಬೇಡ್ವಾ?"

"ಬೇಡ! ಹೋಗು!"

ಜೇಬಿನಲ್ಲಿದ್ದ ಕೈ ಜೇಬಿನಲ್ಲೇ ಇತ್ತು. ಮಗಳು ಹೋದಳು.

೮ (ಮುಕ್ತಾಯಗಳು)

ಅ. ಮಗಳು ಮೀಸೆಯವನನ್ನು ಇಪ್ಪತ್ತೊಂಬತ್ತರಲ್ಲಿ ಹಿಂದೆ ಹಾಕಿ ಮೊದಲನೆಯವಳಾಗಿ ತಾರಸಿ ಮುಟ್ಟುತ್ತಾಳೆ. (ಮುಂದಿದ್ದ ಇಬ್ಬರು ಎಲ್ಲಿ ಹೋದರು ಎಂದು ನೀವು ಕೇಳುತ್ತೀರಿ. ನನ್ನ ಬಳಿ ಉತ್ತರವಿಲ್ಲ.)

ಆ. ಮಗಳು ಕೊನೆಯವಳಾಗುತ್ತಾಳೆ, ಆದರೂ ತಾರಸಿಯಲ್ಲಿ ನಿಂತು ಅಳುತ್ತ ನಗುತ್ತಾಳೆ. ಡಾಕ್ಟರಮ್ಮ ಬೆರಳು ಚುಚ್ಚಿದರೆ ಸಕ್ಕರೆ ಅವರು ಹೇಳಿದ ದಿಕ್ಕಿನಲ್ಲೇ ಇರುತ್ತದೆ. ವಿಜ್ಞಾನಕ್ಕೆ ಜಯ. (ಚಪ್ಪಾಳೆ ತಟ್ಟುವವರು ಈಗ ತಟ್ಟಬಹುದು.)

ಇ. ಇದನ್ನು ಬರೆಯಲು ನನಗೆ ಮನಸ್ಸಿಲ್ಲ. ಆದರೆ ನೀವೂ ಯೋಚಿಸಿರುತ್ತೀರಿ. ಡಾಕ್ಟರಮ್ಮ "ಯಾವಾಗ ಬೇಕಾದ್ರೂ" ಎಂದೂ ಹೇಳಿದ್ದರಲ್ಲ. ಇಪ್ಪತ್ತೆರಡನೆಯ ಮಹಡಿಯಲ್ಲಿ...

"ಅದನ್ನ ಹೊಡೆದುಹಾಕು."

ಅಮ್ಮ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತಿದ್ದಳು. ಕಾಲು ಚಾಚಿದ್ದಳು. ಚೀಲದೊಳಗೆ ಅವಳ ಫೋನು ಕುಂಯ್ ಎಂದಿತು. ತೋಳಿನ ಗುಂಡಿ ಕಳಿಸಿದ ಸುದ್ದಿ. ಏರಿತೋ, ಇಳಿಯಿತೋ.

"ನೋಡಲ್ವಾ ಅಮ್ಮಾ?"

ಅವಳ ಕೈ ಚೀಲದ ಕಡೆ ಹೋಯಿತು. ಜಿಪ್ಪನ್ನು ಮುಟ್ಟಿ, ಅಲ್ಲೇ ನಿಂತಿತು.

"ಹಳೇ ಸುದ್ದಿ" ಎಂದಳು. ಮೇಲೆ ಎಲ್ಲೋ ಹೆಜ್ಜೆ ಸದ್ದು ಕೇಳುತ್ತಿತ್ತು. ಅಷ್ಟೊಂದು ಹೆಜ್ಜೆಗಳಲ್ಲಿ ಮಗಳದ್ದು ಯಾವುದು ಎಂದು ನನಗೆ ತಿಳಿಯಲಿಲ್ಲ. ಅಮ್ಮನಿಗೆ ತಿಳಿಯುತ್ತಿತ್ತು. ಅವಳ ತಲೆ ಆ ಲಯಕ್ಕೆ ಸಣ್ಣಗೆ ತೂಗುತ್ತಿತ್ತು. ಹೆದರಿಕೆ ಹೋಗಿರಲಿಲ್ಲ, ಮುಖದಲ್ಲಿ ಪೂರ್ತಿ ಇತ್ತು. ಆದರೂ ಕೂತಿದ್ದಳು.

ನನಗೆ ತಡೆಯಲಾಗಲಿಲ್ಲ. ಮೇಲೆ ಏನಾಯಿತು ಎಂದು ಗೊತ್ತಿರುವವನು ಇಡೀ ಕಟ್ಟಡದಲ್ಲಿ ನಾನೊಬ್ಬನೇ. ಲೇಖಕ ನಾನು. ನಿಮ್ಮ ಕಡೆ ತಿರುಗಿ, ಏದುಸಿರಿನಲ್ಲೇ, "ಕೇಳಿ... ಕೊನೆಗೆ... ಅವಳು..." ಎಂದೆ.

ಅಮ್ಮ ನನ್ನನ್ನು ದಿಟ್ಟಿಸಿ ನೋಡಿದಳು.

"ಹದಿಮೂರೇಳ್ಲ?"

"ತೊ... ತೊಂ... ಹ್..."

"ಅಯ್ಯೋ ಪಾಪ, ಸಕ್ಕರೆ ಇಳಿದುಬಿಟ್ಟಿದೆ ನಿಂಗೆ!" ಎಂದು ಕಿಲಕಿಲ ನಗುತ್ತ, ಒಳಜೇಬಿನಿಂದ ಮೂರು ಮಾತ್ರೆ ತೆಗೆದು, ನನ್ನ ಕತ್ತು ಬಳಸಿ ಹಿಡಿದು ಬಾಯಿಗೆ ತುರುಕಿ, ದವಡೆ ಒತ್ತಿ ಮುಚ್ಚಿದಳು.

ಈಗ ನನ್ನ ಬಾಯಿ ತುಂಬ ಸಿಹಿ. ಮೂರೂ ಕರಗುವವರೆಗೆ ತುಟಿ ಬಿಚ್ಚಲು ಬಿಡುವುದಿಲ್ಲವಂತೆ. ನಿಮಗೆ ಅಷ್ಟು ಅವಸರವಿದ್ದರೆ ಮೇಲೆ ಇನ್ನು ಹದಿಮೂರೇ ಮಹಡಿ, ನೀವೇ ಹತ್ತಿ ನೋಡಿಕೊಂಡು ಬನ್ನಿ. ಲಿಫ್ಟು ದುರಸ್ತಿಯಲ್ಲಿದೆ.